ಎಕ್ಸ್‌ಟೆಂಡೆಡ್ ವಾರಂಟಿ ತಗೊಳ್ಳುವ ಮೊದಲು: ಕರಾವಳಿಯ ಮನೆಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಫ್ರಿಜ್ ಆರಿಸಿ ಆಯ್ತು, ರೇಟು ಮಾತಾಡಿ ಆಯ್ತು, ಬಿಲ್ ಕೌಂಟರಿಗೂ ಬಂದಾಯ್ತು. ಆಗ ಸೇಲ್ಸ್‌ನ ಹುಡುಗ ಹೇಳುತ್ತಾನೆ: "ಅಕ್ಕ, ಇನ್ನೊಂದು ಎರಡೂವರೆ ಸಾವಿರ ಹಾಕಿದ್ರೆ ಮೂರು ವರ್ಷ ಎಂತ ಹಾಳಾದ್ರೂ ಫ್ರೀ ಉಂಟು." ಇದೇ ಎಕ್ಸ್‌ಟೆಂಡೆಡ್ ವಾರಂಟಿ, ಅಂದರೆ ಕಂಪನಿಯ ವಾರಂಟಿ ಮುಗಿದ ಮೇಲೂ ರಿಪೇರಿ ಸಿಗಲೆಂದು ಬೇರೆ ದುಡ್ಡು ಕೊಟ್ಟು ಕೊಳ್ಳುವ ಪ್ಲಾನ್. ಹಿಂದೆ ನಾಲ್ಕು ಜನ ಬಿಲ್ಲಿಗೆ ಕಾಯುತ್ತಿರುತ್ತಾರೆ. ಆ ಗಡಿಬಿಡಿಯಲ್ಲಿ ಕೆಲವರು ಹೂಂ ಅನ್ನುತ್ತಾರೆ, ಕೆಲವರು ಬೇಡ ಅನ್ನುತ್ತಾರೆ. ಕಾಗದ ಓದಿ ತೀರ್ಮಾನ ಮಾಡಿದವರು ತುಂಬ ಕಡಿಮೆ.

ಎಷ್ಟು ವರ್ಷದ ಪ್ಲಾನ್ ಅಂತ ಎಲ್ಲರೂ ಕೇಳುತ್ತಾರೆ. ನಾನು ಮೊದಲು ಕೇಳುವುದು ಬೇರೆ: ನಮ್ಮ ಮನೆಯಲ್ಲಿ ಈ ಯಂತ್ರ ಯಾವುದರಿಂದ ಕೆಡುತ್ತದೆ, ಆ ಕಾರಣ ಪ್ಲಾನಿನ ಒಳಗಿದೆಯಾ, ಹೊರಗಿದೆಯಾ? ಮಂಗಳೂರು, ಉಡುಪಿ ಕಡೆಯವರು ಇದನ್ನು ಕೇಳಲೇಬೇಕು. ಇಲ್ಲಿ ಯಂತ್ರ ತಿನ್ನುವುದು ಉಪ್ಪುಗಾಳಿ, ಮಳೆಗಾಲದ ತೇವ, ಸಿಡಿಲು, ಹಲ್ಲಿ, ಇರುವೆ. ಇವುಗಳಲ್ಲಿ ಹೆಚ್ಚಿನವನ್ನು ಹೆಚ್ಚಿನ ಪ್ಲಾನುಗಳು ಹೊರಗಿಟ್ಟಿರುತ್ತವೆ. ಹಾಗಾಗಿ ಬೆಂಗಳೂರಿನ ಅಣ್ಣನಿಗೆ ಲಾಭವಾದ ಪ್ಲಾನ್ ಮಲ್ಪೆಯ ತಮ್ಮನಿಗೂ ಲಾಭವಾಗಬೇಕೆಂದಿಲ್ಲ.

ಹೆಜ್ಜೆ 1: ಕಂಪನಿ ಕೊಟ್ಟಿರುವ ವಾರಂಟಿಯನ್ನು ಮೊದಲು ಓದಿ

ಯಂತ್ರದ ಜೊತೆ ಬರುವ ವಾರಂಟಿಗೆ ನೀವು ಬೇರೆ ದುಡ್ಡು ಕೊಡಬೇಕಾಗಿಲ್ಲ. ಅದು ಬೆಲೆಯಲ್ಲೇ ಸೇರಿದೆ. ಟಿವಿ, ಫ್ರಿಜ್, ಮಿಕ್ಸಿ, ಏಸಿ ಹೀಗೆ ಹೆಚ್ಚಿನವಕ್ಕೆ ಪೂರ್ತಿ ಯಂತ್ರದ ವಾರಂಟಿ ಸಾಮಾನ್ಯವಾಗಿ 1 ವರ್ಷ. ಕೆಲವು ಕಂಪನಿಗಳು 2 ವರ್ಷವೂ ಕೊಡುತ್ತವೆ.

ಅಂಗಡಿಯಲ್ಲಿ ದೊಡ್ಡ ಅಕ್ಷರದಲ್ಲಿ ಕಾಣುವುದು ಮಾತ್ರ "10 ವರ್ಷ ವಾರಂಟಿ" ಅನ್ನುವ ಸ್ಟಿಕ್ಕರ್. ಅದು ಫ್ರಿಜ್‌ನಲ್ಲಾದರೆ ಕಂಪ್ರೆಸರಿಗೆ, ವಾಷಿಂಗ್ ಮೆಷಿನ್‌ನಲ್ಲಾದರೆ ಮೋಟಾರಿಗೆ. ಆರನೇ ವರ್ಷ ಕಂಪ್ರೆಸರ್ ಹೋದರೆ ಕಂಪ್ರೆಸರ್ ಅನ್ನುವ ಭಾಗ ಮಾತ್ರ ಉಚಿತ. ಗ್ಯಾಸ್ ತುಂಬಿಸಿದ್ದು, ಮೆಕ್ಯಾನಿಕ್‌ನ ಕೂಲಿ, ಮನೆಗೆ ಬಂದ ಚಾರ್ಜು, ಸಾಗಾಟ ಇವೆಲ್ಲ ಹೆಚ್ಚಾಗಿ ನಿಮ್ಮ ತಲೆಗೇ ಬರುತ್ತವೆ. ಏಸಿಯಲ್ಲಿ ಬೋರ್ಡಿಗೆ, ಅಂದರೆ ಯಂತ್ರವನ್ನು ನಡೆಸುವ ಎಲೆಕ್ಟ್ರಾನಿಕ್ ಭಾಗಕ್ಕೆ, ಕೆಲವು ಕಂಪನಿಗಳು 5 ವರ್ಷ ಕೊಡುತ್ತವೆ. ಆ 5 ವರ್ಷ ಮೊದಲೇ ಇದ್ದರೆ, ಎರಡು ವರ್ಷದ ಎಕ್ಸ್‌ಟೆಂಡೆಡ್ ಪ್ಲಾನ್ ನಿಮಗೆ ಹೊಸದಾಗಿ ಕೊಡುವುದು ತೀರಾ ಕಡಿಮೆ.

ವಾರಂಟಿ ಯಾವ ದಿನದಿಂದ ಶುರು ಅನ್ನುವುದನ್ನೂ ನೋಡಿ. ಮಾರ್ಚಿಯಲ್ಲಿ ಏಸಿ ತಂದು, ಮನೆ ಕೆಲಸ ಮುಗಿಯದೆ ಮೇ ತಿಂಗಳಲ್ಲಿ ಕೂರಿಸಿದರೆ, ಬಿಲ್ ದಿನದ ಲೆಕ್ಕದಲ್ಲಿ ಎರಡು ತಿಂಗಳು ಸುಮ್ನೆ ಹೋಗುತ್ತದೆ. ಕೂರಿಸಿದ ದಿನದಿಂದಲೇ ವಾರಂಟಿ ಶುರುವಾಗಬೇಕೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2024ರಲ್ಲಿ ಕಂಪನಿಗಳಿಗೆ ಹೇಳಿತ್ತು. ನಿಮ್ಮ ಕಂಪನಿಯ ಕಾರ್ಡಿನಲ್ಲಿ ಏನಿದೆ ಎಂದು ಓದಿ ನೋಡಿ. ಇನ್ಸ್ಟಾಲೇಶನ್ ರಿಪೋರ್ಟನ್ನು ಎಸೆಯಬೇಡಿ.

ಗಲ್ಫಿನಿಂದ ತಂದ ಟಿವಿಗೆ ಇಲ್ಲಿ ವಾರಂಟಿ ಸಿಗುವುದು ಕಷ್ಟ. ಕಂಪನಿ ಒಂದೇ ಆದರೂ ವಾರಂಟಿ ಹೆಚ್ಚಾಗಿ ಆಯಾ ದೇಶಕ್ಕೆ ಮಾತ್ರ. ಇಲ್ಲಿ ಕೊಂಡು ಅಲ್ಲಿಗೆ ಒಯ್ದರೂ ಅದೇ ಕಥೆ.

ಹೆಜ್ಜೆ 2: ಪ್ಲಾನ್ ಯಾರದ್ದು ಎಂದು ಕೇಳಿ

ಒಂದೇ ಕೌಂಟರಿನಲ್ಲಿ ಮೂರು ಬೇರೆ ಬೇರೆ ವಸ್ತು "ಎಕ್ಸ್‌ಟೆಂಡೆಡ್ ವಾರಂಟಿ" ಎಂಬ ಒಂದೇ ಹೆಸರಿನಲ್ಲಿ ಮಾರಾಟವಾಗುತ್ತವೆ.

ಯಂತ್ರ ಮಾಡಿದ ಕಂಪನಿಯೇ ಕೊಡುವ ಪ್ಲಾನ್ ಒಂದು. ಇದರಲ್ಲಿ ಅದೇ ಸರ್ವಿಸ್ ಸೆಂಟರ್, ಅದೇ ಟೆಕ್ನಿಷಿಯನ್, ಅಸಲಿ ಪಾರ್ಟ್. ಬೆಲೆ ಸ್ವಲ್ಪ ಜಾಸ್ತಿ ಇರಬಹುದು, ಆದರೂ ನನ್ನ ಮೊದಲ ಆಯ್ಕೆ ಇದೇ. ಎರಡನೆಯದು ಅಂಗಡಿಯದ್ದು. ಕ್ರೋಮಾದ ಝಿಪ್‌ಕೇರ್, ರಿಲಯನ್ಸ್ ಡಿಜಿಟಲ್‌ನ ರೆಸ್‌ಕ್ಯೂ ಈ ಜಾತಿಯವು. ಮೂರನೆಯದು ಹೊರಗಿನ ಸಂಸ್ಥೆಯದ್ದು. ಅಂಗಡಿ ಬರೀ ಮಾರಾಟ ಮಾಡುತ್ತದೆ, ಕೆಟ್ಟಾಗ ನೀವು ಮಾತಾಡಬೇಕಾದ್ದು ಇನ್ಯಾರದೋ ಕಾಲ್ ಸೆಂಟರ್ ಜೊತೆ. ಕಂತಿನಲ್ಲಿ ಕೊಳ್ಳುವಾಗ ಫೈನಾನ್ಸ್‌ನವರು ಸೇರಿಸುವ ಪ್ಲಾನ್ ಹೆಚ್ಚಾಗಿ ಇದೇ ರೀತಿಯದ್ದು. ಅದು ತಿಂಗಳ ಕಂತಿನ ಒಳಗೆ ಸೇರಿಕೊಂಡುಬಿಡುವುದರಿಂದ ಎಷ್ಟೋ ಜನಕ್ಕೆ ತಾವು ಪ್ಲಾನ್ ಕೊಂಡದ್ದೇ ಗೊತ್ತಿರುವುದಿಲ್ಲ. ಕಂತಿನ ಕಾಗದಕ್ಕೆ ಸಹಿ ಹಾಕುವ ಮೊದಲು "ಯಂತ್ರದ ಬೆಲೆ ಬಿಟ್ಟು ಬೇರೆ ಎಂತ ಸೇರಿಸಿದ್ದೀರಿ?" ಎಂದು ಕೇಳಿ.

ಮೊಬೈಲ್ ಬಿದ್ದು ಸ್ಕ್ರೀನ್ ಒಡೆದರೆ, ನೀರು ಹೊಕ್ಕರೆ ಕೊಡುವ ಪ್ಲಾನ್‌ಗಳಲ್ಲಿ ಸಾಮಾನ್ಯವಾಗಿ ವಿಮಾ ಕಂಪನಿಯೊಂದು ಹಿಂದೆ ಇರುತ್ತದೆ. ಅದರ ಹೆಸರು ಕೇಳಿ ಬರೆದಿಡಿ. ವಿಮೆ ಆಗಿದ್ದರೆ ತಕರಾರು ಬಂದಾಗ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ (ವಿಮೆಯ ದೂರು ಕೇಳುವ ಅಧಿಕಾರಿ) ಕಚೇರಿಗೂ ದೂರು ಕೊಡಬಹುದು. ಬರೀ ವಾರಂಟಿ ಪ್ಲಾನ್‌ಗೆ ಆ ದಾರಿ ಇಲ್ಲ.

ಹೊರಗಿನವರ ಪ್ಲಾನ್ ಆದರೆ ಇನ್ನೊಂದು ಪ್ರಶ್ನೆ ಬಿಡಬೇಡಿ: ನಮ್ಮ ಊರಿಗೆ ಜನ ಬರುತ್ತಾರಾ? ಮಂಗಳೂರು, ಮಣಿಪಾಲಕ್ಕೆ ಬರುವವರು ಬೈಂದೂರಿಗೆ, ಸುಳ್ಯಕ್ಕೆ ಬರುತ್ತಾರೆಂದು ಲೆಕ್ಕ ಹಾಕಬೇಡಿ. ಪಿನ್‌ಕೋಡ್ ಹೇಳಿ ಅಲ್ಲೇ ಫೋನಿನಲ್ಲಿ ಪರೀಕ್ಷೆ ಮಾಡಿಸಿ.

ಹೆಜ್ಜೆ 3: "ಸೇರಿಲ್ಲ" ಅನ್ನುವ ಪುಟ

ಎಲ್ಲಾ ಪ್ಲಾನ್‌ಗಳಲ್ಲೂ ಎರಡು ಭಾಗ ಇರುತ್ತದೆ: ಏನೆಲ್ಲ ಸೇರಿದೆ, ಏನೆಲ್ಲ ಸೇರಿಲ್ಲ. ಮೊದಲನೆಯದು ಚಂದದ ಬ್ರೋಷರ್‌ನಲ್ಲಿ ಇರುತ್ತದೆ. ಎರಡನೆಯದು ನಿಯಮಗಳ ಕಾಗದದಲ್ಲಿ, ಸಣ್ಣ ಅಕ್ಷರದಲ್ಲಿ. ನಿಮಗೆ ಬೇಕಾದ್ದು ಎರಡನೆಯದು. ಕೊಡಿ ಎಂದು ಕೇಳಿ. ಇಲ್ಲ ಅಂದರೆ ವಾಟ್ಸಾಪ್ ಮಾಡಲು ಹೇಳಿ. ಅದೂ ಆಗದಿದ್ದರೆ ಆ ಪ್ಲಾನ್ ಬೇಡ.

ತುಕ್ಕು. ಉಳ್ಳಾಲ, ಪಣಂಬೂರು, ಸುರತ್ಕಲ್, ಕಾಪು, ಮಲ್ಪೆ ಹೀಗೆ ಸಮುದ್ರದ ಹತ್ತಿರ ಇರುವವರಿಗೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದು. ಏಸಿಯ ಹೊರಗಿನ ಯೂನಿಟ್ಟನ್ನು ಹಿಂದಿನಿಂದ ನೋಡಿ. ತೆಳು ಅಲ್ಯುಮಿನಿಯಂ ರೆಕ್ಕೆಗಳ ಸಾಲು ಕಾಣುತ್ತದೆ. ಎರಡು ಮೂರು ಮಳೆಗಾಲ ಕಳೆದ ಮೇಲೆ ಅದರಲ್ಲಿ ಬಿಳಿ ಪುಡಿ ಹಿಡಿಯುತ್ತದೆ, ಬೆರಳು ತಾಗಿಸಿದರೆ ರೆಕ್ಕೆ ಉದುರುತ್ತದೆ. ಮುಂದೆ ಕೊಳವೆಯಲ್ಲಿ ಸೂಜಿಮೊನೆಯಷ್ಟು ತೂತಾಗಿ ಗ್ಯಾಸ್ ಸೋರುತ್ತದೆ. ನೀವು "ಕೂಲಿಂಗ್ ಇಲ್ಲ" ಎಂದು ದೂರು ಕೊಡುತ್ತೀರಿ, ಟೆಕ್ನಿಷಿಯನ್ ಬಂದು "ತುಕ್ಕಿನಿಂದ ಲೀಕ್" ಎಂದು ಬರೆಯುತ್ತಾನೆ. ತುಕ್ಕು ಸೇರಿಲ್ಲದ ಪ್ಲಾನ್ ಆದರೆ ಕಥೆ ಅಲ್ಲಿಗೆ ಮುಗಿಯಿತು. ಹಾಗಾಗಿ ಏಸಿಗೆ ಪ್ಲಾನ್ ಕೊಳ್ಳುವಾಗ ಎರಡೇ ಪ್ರಶ್ನೆ ನೇರವಾಗಿ ಕೇಳಿ: ತುಕ್ಕಿನಿಂದ ಆದ ಲೀಕ್ ಸೇರಿದೆಯಾ? ಗ್ಯಾಸ್ ತುಂಬಿಸುವುದು ಸೇರಿದೆಯಾ, ಎಷ್ಟು ಸಲ? ಎರಡಕ್ಕೂ "ಇಲ್ಲ" ಎಂದಾದರೆ ಸಮುದ್ರ ದಡದ ಮನೆಗೆ ಆ ಪ್ಲಾನಿನಿಂದ ಪ್ರಯೋಜನ ಕಡಿಮೆ. ಆ ದುಡ್ಡಲ್ಲಿ ತಾಮ್ರದ ಕಾಯಿಲ್, ತುಕ್ಕು ತಡೆಯುವ ಲೇಪ ಇರುವ ಮಾಡೆಲ್ ತಗೊಳ್ಳಿ. ವಾಷಿಂಗ್ ಮೆಷಿನ್ನಿನ ಅಡಿಭಾಗಕ್ಕೂ, ಫ್ರಿಜ್ಜಿನ ಹಿಂಬದಿಗೂ ಇದೇ ಪ್ರಶ್ನೆ.

ಸಿಡಿಲು ಮತ್ತು ವೋಲ್ಟೇಜ್. ಏಪ್ರಿಲ್, ಮೇ ತಿಂಗಳ ಸಂಜೆ ಮಳೆ ಮತ್ತು ಅಕ್ಟೋಬರ್, ನವೆಂಬರಿನ ಗುಡುಗು ಎಷ್ಟು ಟಿವಿ, ಎಷ್ಟು ಮೋಡೆಮ್ ತಿಂದಿದೆ ಎಂದು ಪುತ್ತೂರು, ಬೆಳ್ತಂಗಡಿ, ಕಾರ್ಕಳ, ಹೆಬ್ರಿ ಕಡೆಯವರಿಗೆ ಹೇಳಬೇಕಾಗಿಲ್ಲ. ಸಿಡಿಲು, ನೆರೆಯಂಥ ಪ್ರಕೃತಿ ವಿಕೋಪಗಳು ಸಾಮಾನ್ಯ ವಾರಂಟಿಯಲ್ಲಿ ಸೇರುವುದಿಲ್ಲ. ಮೆಸ್ಕಾಂ ಲೈನಿನಲ್ಲಿ ವೋಲ್ಟೇಜ್ ಏರಿಳಿದು ಬೋರ್ಡ್ ಸುಟ್ಟರೆ ಕೆಲವು ಪ್ಲಾನ್‌ಗಳು ಕೊಡುತ್ತವೆ, ಕೆಲವು ಕೊಡುವುದಿಲ್ಲ, ಕೆಲವು "ಸ್ಟೆಬಿಲೈಸರ್ ಇದ್ದರೆ ಮಾತ್ರ" ಅನ್ನುತ್ತವೆ. ಯಾವುದು ಎಂದು ಓದಿ. ಯಾವ ಪ್ಲಾನ್ ಇದ್ದರೂ ಗುಡುಗು ಹತ್ತಿರ ಬರುವ ಮೊದಲೇ ಪ್ಲಗ್ ಕಿತ್ತಿಡುವ ಅಭ್ಯಾಸ ಬಿಡಬೇಡಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಕೇಬಲ್ ವಯರನ್ನೂ ತೆಗೆಯಿರಿ.

ಹಲ್ಲಿ, ಇರುವೆ, ಇಲಿ. ಮಳೆಗಾಲದಲ್ಲಿ ಬೆಚ್ಚಗಿರುತ್ತದೆ ಎಂದು ಹಲ್ಲಿ ಬೋರ್ಡಿನ ಪೆಟ್ಟಿಗೆಯೊಳಗೆ ಹೋಗುತ್ತದೆ. ಎರಡು ಟರ್ಮಿನಲ್ಲಿಗೆ ಒಟ್ಟಿಗೆ ಮೈ ತಾಗಿದರೆ ಅದೂ ಸಾಯುತ್ತದೆ, ಬೋರ್ಡೂ ಸಾಯುತ್ತದೆ. ಇಲಿ ವಾಷಿಂಗ್ ಮೆಷಿನ್ನಿನ ಅಡಿಯಿಂದ ನುಗ್ಗಿ ವಯರ್ ಕಡಿಯುತ್ತದೆ. "ಕೀಟ, ಪ್ರಾಣಿಗಳಿಂದ ಆದ ಹಾನಿ" ಬಹುತೇಕ ಎಲ್ಲ ಪ್ಲಾನ್‌ಗಳಲ್ಲಿ ಹೊರಗೆ. ಅಡಿಯಲ್ಲಿ ಹಾಕುವ ಇಲಿ ತಡೆಯ ತಟ್ಟೆಗೆ ಕೆಲವು ನೂರು ರೂಪಾಯಿ ಆಗಬಹುದು, ಅಷ್ಟೆ. ಯಂತ್ರ ಕೂರಿಸಿದ ದಿನವೇ ಹಾಕಿಸಿ.

ನೀರು. ಬಾವಿ ನೀರಲ್ಲಿ ಉಪ್ಪು, ಬೋರ್‌ವೆಲ್ ನೀರಲ್ಲಿ ಕಬ್ಬಿಣದ ಅಂಶ ಇದ್ದರೆ ವಾಷಿಂಗ್ ಮೆಷಿನ್, ಗೀಸರ್, ವಾಟರ್ ಫಿಲ್ಟರ್ ಬೇಗ ಕೆಡುತ್ತವೆ. ಫಿಲ್ಟರ್ ಕ್ಯಾಂಡಲ್, ಮೆಂಬ್ರೇನ್ ಸವೆಯುವ ಭಾಗ ಎಂದು ಲೆಕ್ಕ, ಅದು ವಾರಂಟಿಯಲ್ಲಿ ಬರುವುದಿಲ್ಲ. ಅವಕ್ಕೆ ಬೇಕಾದ್ದು ವಾರ್ಷಿಕ ನಿರ್ವಹಣೆ ಒಪ್ಪಂದ, ಅಂದರೆ ಎಎಂಸಿ. ಅದರಲ್ಲೂ ಪಾರ್ಟ್ ಸೇರಿದ್ದು, ಬರೀ ಸರ್ವಿಸ್ ಮಾಡುವುದು ಎಂದು ಎರಡು ಬಗೆ ಇದೆ.

ಬಾಡಿಗೆ, ವ್ಯಾಪಾರ. ಮಣಿಪಾಲದಲ್ಲಿ ಪಿಜಿ ನಡೆಸುವವರು, ಕಡಲ ಬದಿಯ ಹೋಂಸ್ಟೇಯವರು, ಅಡುಗೆ ಕಾಂಟ್ರಾಕ್ಟ್ ಮಾಡುವವರು ಮನೆ ಬಳಕೆಯ ಯಂತ್ರ ತಂದು ಪ್ಲಾನ್ ಕೊಂಡರೆ ದುಡ್ಡು ವ್ಯರ್ಥವಾಗುವ ಸಾಧ್ಯತೆ ಜಾಸ್ತಿ. ವಾಣಿಜ್ಯ ಬಳಕೆಗೆ ವಾರಂಟಿ ಕಡಿತವಾಗುತ್ತದೆ ಅಥವಾ ಪೂರ್ತಿ ಇಲ್ಲದಾಗುತ್ತದೆ.

ಕೊನೆಗೆ ದುಡ್ಡಿನ ಮಿತಿ. ರಿಪೇರಿ ಆಗದಿದ್ದರೆ ಎಂತ ಕೊಡುತ್ತಾರೆ? ಹೊಸ ಯಂತ್ರವಾ, ಸವಕಳಿ ಕಳೆದು ಉಳಿದ ಹಣವಾ, ಅದೇ ಅಂಗಡಿಯ ವೋಚರ್ರಾ? ಎಲ್ಲ ರಿಪೇರಿಗಳ ಒಟ್ಟು ಖರ್ಚಿಗೆ ಮಿತಿ ಇದೆಯಾ? ಒಂದು ಸಲ ದೊಡ್ಡ ಪಾರ್ಟ್ ಬದಲಿಸಿದರೆ ಪ್ಲಾನ್ ಅಲ್ಲಿಗೇ ಮುಗಿಯುತ್ತದಾ?

ಹೆಜ್ಜೆ 4: ಲೆಕ್ಕ ಹಾಕಿ

"ಮೂರು ವರ್ಷದ ವಾರಂಟಿ" ಅಂದರೆ ಹೆಚ್ಚಾಗಿ ಕಂಪನಿಯ 1 ವರ್ಷ ಮತ್ತು ಮೇಲಿನ 2 ವರ್ಷ. ನೀವು ದುಡ್ಡು ಕೊಡುತ್ತಿರುವುದು ಆ ಎರಡು ವರ್ಷಕ್ಕೆ ಮಾತ್ರ. ಉದಾಹರಣೆಗೆ 18,000 ರೂಪಾಯಿಯ ವಾಷಿಂಗ್ ಮೆಷಿನ್, ಪ್ಲಾನ್ 2,700. ಅಂದರೆ ವರ್ಷಕ್ಕೆ 1,350. ನೀರು ಹೊರಹಾಕುವ ಪಂಪೋ, ನೀರು ಬಿಡುವ ವಾಲ್ವೋ ಹೋದರೆ ಹೊರಗಿನ ಒಳ್ಳೆ ಮೆಕ್ಯಾನಿಕ್ ಹತ್ತಿರ ಆಗುವ ಖರ್ಚು ಸುಮಾರು ಅಷ್ಟರ ಸುತ್ತಮುತ್ತಲೇ. ಮೋಟಾರಿಗೆ ಬೇರೆ ವಾರಂಟಿ ಇದ್ದೇ ಇದೆ. ಇಲ್ಲಿ ಪ್ಲಾನ್ ಅಗತ್ಯ ಇಲ್ಲ ಎಂದು ನನ್ನ ಲೆಕ್ಕ.

ಈಗ 60,000 ರೂಪಾಯಿಯ ದೊಡ್ಡ ಟಿವಿ, ಪ್ಲಾನ್ 4,500 ಎಂದು ಇಟ್ಟುಕೊಳ್ಳಿ. ಟಿವಿಯ ಪ್ಯಾನೆಲ್ ಹೋದರೆ ಖರ್ಚು ಟಿವಿ ಬೆಲೆಯ ಅರ್ಧ ದಾಟುವುದು ಸಾಮಾನ್ಯ. ರಿಪೇರಿಗಿಂತ ಹೊಸದೇ ವಾಸಿ ಎಂದು ಅಂಗಡಿಯವರೇ ಹೇಳುತ್ತಾರೆ. ಪ್ಯಾನೆಲ್ ಸೇರಿದೆ ಎಂದು ಬರೆದಿದ್ದರೆ ಈ 4,500 ಕೊಡಬಹುದು. ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಫ್ಯಾನ್, ಗ್ರೈಂಡರ್‌ಗೆ ಬೇಡವೇ ಬೇಡ. ಲ್ಯಾಪ್‌ಟಾಪಿಗೆ ಕಂಪನಿಯದ್ದೇ ಮನೆಗೆ ಬಂದು ಮಾಡುವ ಪ್ಲಾನ್ ಇದ್ದರೆ ಒಳ್ಳೆಯದು, ಅದರಲ್ಲೂ ಮಕ್ಕಳು ಹಾಸ್ಟೆಲಿಗೆ ಒಯ್ಯುವುದಾದರೆ. ಬ್ಯಾಟರಿ ಸೇರಿಲ್ಲದಿರುವುದು ಮಾಮೂಲಿ.

ಒಟ್ಟಾರೆ ನಾನು ನೋಡುವುದು ಹೀಗೆ: ಪ್ಲಾನಿನ ಬೆಲೆ ಯಂತ್ರದ ಬೆಲೆಯ ಶೇ 10 ದಾಟಿದರೆ ತುಂಬ ಯೋಚಿಸುತ್ತೇನೆ. ಒಂದೇ ಏಟಿಗೆ ಕೈ ಕಚ್ಚುವಂಥ ರಿಪೇರಿ ಬರುವ ಯಂತ್ರಕ್ಕೆ ಮಾತ್ರ ಕೊಡುತ್ತೇನೆ.

"ಈಗ ಬಿಟ್ರೆ ಆಮೇಲೆ ಸಿಗೋದಿಲ್ಲ" ಎನ್ನುವ ಮಾತಿಗೆ ಹೆದರಬೇಡಿ. ಹಲವು ಕಂಪನಿಗಳು ಮೊದಲ ವಾರಂಟಿ ನಡೆಯುತ್ತಿರುವಾಗ ಅವರ ಪ್ಲಾನ್ ಕೊಳ್ಳಲು ಬಿಡುತ್ತವೆ. ಎಷ್ಟು ದಿನದ ಒಳಗೆ ಎಂದು ಕಂಪನಿಯ ಕಸ್ಟಮರ್ ಕೇರಿಗೆ ಕೇಳಿ. ಮನೆಗೆ ಬಂದು ಒಂದು ಮಳೆಗಾಲ ಯಂತ್ರ ಹೇಗೆ ನಡೆಯುತ್ತದೆ ನೋಡಿ ತೀರ್ಮಾನಿಸಲೂಬಹುದು.

ಆನ್‌ಲೈನಿನಲ್ಲಿ ಕೊಳ್ಳುವಾಗ ದುಡ್ಡು ಕಟ್ಟುವ ಮೊದಲು ಒಟ್ಟು ಮೊತ್ತ ಇನ್ನೊಮ್ಮೆ ನೋಡಿ. ಕೇಳದೆ ಪ್ಲಾನನ್ನು ಬುಟ್ಟಿಗೆ ಸೇರಿಸುವುದನ್ನು 2023ರ ನವೆಂಬರಿನಲ್ಲಿ ಬಂದ ಕೇಂದ್ರದ ಡಾರ್ಕ್ ಪ್ಯಾಟರ್ನ್ (ಗ್ರಾಹಕರನ್ನು ಯಾಮಾರಿಸುವ ಆನ್‌ಲೈನ್ ತಂತ್ರ) ಮಾರ್ಗಸೂಚಿ ನಿಷೇಧಿಸಿದೆ. ಹಾಗಾಗಿದ್ದರೆ ಹಣ ವಾಪಸ್ ಕೇಳುವುದು ನಿಮ್ಮ ಹಕ್ಕು.

ಹೆಜ್ಜೆ 5: ಕೊಂಡ ದಿನ ಮಾಡಬೇಕಾದ್ದು

ಅಂಗಡಿಯ ಬಿಲ್ ಎಷ್ಟೋ ಸಲ ಥರ್ಮಲ್ ಕಾಗದದಲ್ಲಿ ಬರುತ್ತದೆ. ನಮ್ಮ ಸೆಕೆ, ತೇವಕ್ಕೆ ಅದು ಒಂದೇ ವರ್ಷದಲ್ಲಿ ಬೆಳ್ಳಗಾಗುತ್ತದೆ. ಸರಿಯಾಗಿ ಪ್ಲಾನ್ ಶುರುವಾಗುವ ಹೊತ್ತಿಗೆ ಬಿಲ್ಲಿನಲ್ಲಿ ಅಕ್ಷರವೇ ಇರುವುದಿಲ್ಲ! ಅವತ್ತೇ ಬಿಲ್ಲಿನ ಫೋಟೋ ತೆಗೆದು ನಿಮಗೆ ನೀವೇ ಇಮೇಲ್ ಮಾಡಿ. ಯಂತ್ರದ ಮೇಲಿನ ಸೀರಿಯಲ್ ನಂಬರ್ ಸ್ಟಿಕ್ಕರಿಗೂ ಫೋಟೋ ಬೇಕು, ಏಸಿಯದ್ದಾದರೆ ಒಳಗಿನದ್ದು, ಹೊರಗಿನದ್ದು ಎರಡೂ. ಬಿಲ್ಲಿನಲ್ಲಿರುವ ನಂಬರಿಗೂ ಸ್ಟಿಕ್ಕರಿಗೂ ತಾಳೆ ನೋಡಿ. ಒಂದು ಅಂಕೆ ತಪ್ಪಿದ್ದರೂ ಅದೇ ವಾರ ತಿದ್ದಿಸಿಕೊಳ್ಳಿ.

ಪ್ಲಾನಿಗೆ ಬೇರೆ ಬಿಲ್ ಅಥವಾ ಸರ್ಟಿಫಿಕೇಟ್ ಬರಬೇಕು. ಅದರಲ್ಲಿ ನಿಮ್ಮ ಹೆಸರು, ಸೀರಿಯಲ್ ನಂಬರ್, ಶುರುವಾಗುವ ದಿನ, ಮುಗಿಯುವ ದಿನ ಇರಬೇಕು. ಕೆಲವಕ್ಕೆ ಆನ್‌ಲೈನಿನಲ್ಲಿ ಆಕ್ಟಿವೇಟ್ ಮಾಡಬೇಕಾಗುತ್ತದೆ, ಮಾಡದಿದ್ದರೆ ದುಡ್ಡು ಕೊಟ್ಟರೂ ಪ್ಲಾನ್ ಇಲ್ಲ. ಸೇಲ್ಸ್‌ನವರು ಬಾಯಲ್ಲಿ ಹೇಳಿದ್ದನ್ನು ಅವರ ನಂಬರಿಗೇ ವಾಟ್ಸಾಪ್ ಮಾಡಿ: "ತುಕ್ಕಿನ ಲೀಕ್ ಸೇರಿದೆ ಎಂದು ನೀವು ಹೇಳಿದ್ದೀರಿ, ಹೌದಲ್ವಾ?" ಹೌದು ಎಂದು ಉತ್ತರ ಬಂದರೆ ಅದೇ ನಿಮ್ಮ ಸಾಕ್ಷಿ. ಉತ್ತರ ಬಾರದಿದ್ದರೆ, ಪ್ಲಾನ್ ರದ್ದು ಮಾಡಲು ಎಷ್ಟು ದಿನದ ಅವಕಾಶ ಇದೆ ಎಂದು ಕಾಗದದಲ್ಲಿ ನೋಡಿ.

ಹೆಜ್ಜೆ 6: ಕೆಟ್ಟಾಗ

ಮೊದಲು ಪ್ಲಾನಿನ ಕಾಗದದಲ್ಲಿರುವ ನಂಬರಿಗೇ ಫೋನ್ ಮಾಡಿ. ಗೂಗಲ್‌ನಲ್ಲಿ ಹುಡುಕಿ ಸಿಕ್ಕಿದ ನಂಬರಿಗೆ ಮಾಡಬೇಡಿ, ಅದರಲ್ಲಿ ನಕಲಿ ಕಸ್ಟಮರ್ ಕೇರ್ ತುಂಬ ಇವೆ. ಐದು ರೂಪಾಯಿ ಕಳಿಸಿ, ಆ್ಯಪ್ ಹಾಕಿಕೊಳ್ಳಿ ಅಂದರೆ ಫೋನ್ ಇಟ್ಟುಬಿಡಿ. ದುಡ್ಡು ಹೋದದ್ದೇ ಆದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಊರಿನ ಮೆಕ್ಯಾನಿಕ್ ಹತ್ತಿರ ಬಿಚ್ಚಿಸಬೇಡಿ, ಅವರು ಎಷ್ಟೇ ಪರಿಚಯದವರಾದರೂ. ಹೊರಗಿನವರು ಬಿಚ್ಚಿದ್ದು ಕಂಡರೆ ಪ್ಲಾನ್ ರದ್ದಾಗಬಹುದು. ದೂರಿನ ನಂಬರ್ ಬರೆದಿಡಿ, ಟೆಕ್ನಿಷಿಯನ್ ಬರುವ ಮೊದಲು ಕೆಟ್ಟದ್ದರ ವಿಡಿಯೋ ಮಾಡಿಡಿ.

ಬಂದವರು ಜಾಬ್ ಶೀಟ್ ಬರೆಯುತ್ತಾರೆ, ಈಗೀಗ ಹೆಚ್ಚಾಗಿ ಮೊಬೈಲಿನಲ್ಲೇ. ಕ್ಲೇಮ್ ನಿಲ್ಲುವುದೂ ಬೀಳುವುದೂ ಆ ಒಂದು ಸಾಲಿನ ಮೇಲೆ. "ಬೋರ್ಡ್ ಕೆಟ್ಟಿದೆ" ಎಂದು ಬರೆದರೆ ಒಂದು ದಾರಿ, "ಹಲ್ಲಿ ಹೋಗಿದೆ" ಎಂದು ಬರೆದರೆ ಇನ್ನೊಂದು ದಾರಿ. ಏನು ಬರೆದಿದ್ದೀರಿ ತೋರಿಸಿ ಎಂದು ಕೇಳಿ. ಹಲ್ಲಿ ಎಂದರೆ ಹಲ್ಲಿ ಎಲ್ಲಿದೆ ತೋರಿಸಲು ಹೇಳಿ, ಫೋಟೋ ತೆಗೆಯಿರಿ. ಒಪ್ಪಿಗೆ ಇಲ್ಲದಿದ್ದರೆ "ಈ ಕಾರಣ ನನಗೆ ಒಪ್ಪಿಗೆ ಇಲ್ಲ" ಎಂದು ಅದರಲ್ಲೇ ಬರೆಸಿ, ಆಗದಿದ್ದರೆ ಅವತ್ತೇ ಇಮೇಲ್ ಮಾಡಿ. ಪಾಪ, ಆ ಹುಡುಗರ ಮೇಲೆ ರೇಗಬೇಡಿ. ದೂರನ್ನು ಬೇಗ ಮುಗಿಸಿ ಕಾಲ್ ಕ್ಲೋಸ್ ಮಾಡಬೇಕೆಂಬ ಒತ್ತಡ ಅವರಿಗಿರುತ್ತದೆ.

ಒಟಿಪಿ ವಿಷಯದಲ್ಲಿ ಮಾತ್ರ ಗಟ್ಟಿ ನಿಲ್ಲಿ. "ಪಾರ್ಟ್ ಆರ್ಡರ್ ಮಾಡಬೇಕು ಸರ್, ಒಟಿಪಿ ಹೇಳಿ" ಎಂದು ಕೇಳುತ್ತಾರೆ. ಮೆಸೇಜ್ ಪೂರ್ತಿ ಓದಿ. "ದೂರು ಮುಗಿಸಲು" ಎಂಬ ಅರ್ಥದ ಮಾತು ಅದರಲ್ಲಿದ್ದರೆ ಯಂತ್ರ ಸರಿಯಾಗಿ ನಡೆಯುವ ತನಕ ಕೊಡಬೇಡಿ. ಕೊಟ್ಟರೆ ಅವರ ದಾಖಲೆಯಲ್ಲಿ ರಿಪೇರಿ ಮುಗಿದಿದೆ, ನಿಮ್ಮ ಮನೆಯಲ್ಲಿ ಯಂತ್ರ ಹಾಗೇ ಬಿದ್ದಿದೆ.

ಹೆಜ್ಜೆ 7: ಇಲ್ಲ ಅಂದರೆ

ನಿರಾಕರಿಸಿದ ಕಾರಣವನ್ನು ಬರಹದಲ್ಲಿ ಕೇಳಿ, ಯಾವ ನಿಯಮದ ಪ್ರಕಾರ ಎಂದು ಸಹ. ಆಮೇಲೆ 1915ಕ್ಕೆ ಕರೆ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು. ಎಷ್ಟೋ ಪ್ರಕರಣ ಇಲ್ಲೇ ಮುಗಿಯುತ್ತದೆ, ಯಾಕೆಂದರೆ ದೂರು ಕಂಪನಿಯ ಮೇಲಿನವರ ಮೇಜಿಗೆ ಹೋಗುತ್ತದೆ.

ಮುಗಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ದಕ್ಷಿಣ ಕನ್ನಡಕ್ಕೂ ಉಡುಪಿಗೂ ಬೇರೆ ಬೇರೆ ಆಯೋಗ ಇದೆ. ಗ್ರಾಹಕ ಹಕ್ಕಿನ ಹೋರಾಟ ಈ ಮಣ್ಣಿಗೆ ಹೊಸದಲ್ಲ. ಡಾ. ರವೀಂದ್ರನಾಥ ಶಾನುಭಾಗರು ಮುನ್ನಡೆಸಿದ ಬಸ್ರೂರಿನ ಬಳಕೆದಾರರ ವೇದಿಕೆಯ ಕೆಲಸ ನೋಡಿ ಬೆಳೆದ ಊರು ನಮ್ಮದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈಯಲ್ಲಿ ಜಾರಿಗೆ ಬಂದ ಮೇಲೆ ದಾರಿ ಇನ್ನೂ ಸುಲಭವಾಗಿದೆ. ಕಂಪನಿಯ ಆಫೀಸು ದೆಹಲಿಯಲ್ಲಿದ್ದರೂ ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಕೊಟ್ಟ ಬೆಲೆ 5 ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ. ವಕೀಲರು ಕಡ್ಡಾಯ ಅಲ್ಲ. ಗ್ರಾಹಕ ಆಯೋಗಗಳ ಆನ್‌ಲೈನ್ ತಾಣವಾದ ಇ-ಜಾಗೃತಿ ಪೋರ್ಟಲಿನಲ್ಲಿ ಮನೆಯಿಂದಲೇ ಹಾಕಬಹುದು. ತಕರಾರು ಹುಟ್ಟಿದ ದಿನದಿಂದ 2 ವರ್ಷದ ಒಳಗೆ ಹಾಕಬೇಕು.

ಅದಕ್ಕೆ ಮೊದಲು ಪ್ಲಾನ್ ಕೊಟ್ಟವರಿಗೂ ಅಂಗಡಿಗೂ ಸ್ಪೀಡ್ ಪೋಸ್ಟಿನಲ್ಲಿ ಒಂದು ನೋಟಿಸ್ ಕಳಿಸಿ: ಯಾವತ್ತು ಕೊಂಡದ್ದು, ಯಾವತ್ತು ಕೆಟ್ಟದ್ದು, ಏನು ಕಾರಣ ಕೊಟ್ಟರು, ನಿಮಗೆ ಏನು ಬೇಕು, 15 ದಿನ ಗಡುವು. ಒಂದೇ ಪುಟ ಸಾಕು. ಅಂಗಡಿಯನ್ನು ಬಿಡಬೇಡಿ. ಮುಖ್ಯ ಮಾಹಿತಿಯನ್ನು ಬೇಕೆಂದೇ ಮುಚ್ಚಿಡುವುದೂ ಈ ಕಾಯ್ದೆಯಲ್ಲಿ ಸೇವಾ ನ್ಯೂನತೆಯೇ. "ಎಂತ ಹಾಳಾದ್ರೂ ಫ್ರೀ" ಎಂದು ಹೇಳಿ, ತುಕ್ಕು ಸೇರಿಲ್ಲ ಎಂಬುದನ್ನು ಗೊತ್ತಿದ್ದೂ ಹೇಳದಿದ್ದರೆ ನಿಮ್ಮ ವಾದ ಅಲ್ಲೇ ಇದೆ. ಆ ವಾಟ್ಸಾಪ್ ಮೆಸೇಜನ್ನು ದೂರಿನ ಜೊತೆ ಲಗತ್ತಿಸಿ.

ಎದುರಿನವರಿಗೆ ನೋಟಿಸ್ ಮುಟ್ಟಿದ ಮೇಲೆ 3 ತಿಂಗಳಲ್ಲಿ, ಲ್ಯಾಬ್ ಪರೀಕ್ಷೆ ಬೇಕಾದರೆ 5 ತಿಂಗಳಲ್ಲಿ ತೀರ್ಮಾನ ಆಗಬೇಕೆಂದು ಕಾಯ್ದೆ ಹೇಳುತ್ತದೆ. ನಿಜದಲ್ಲಿ ಜಾಸ್ತಿ ಹಿಡಿಯುತ್ತದೆ, ಅದಕ್ಕೆ ತಯಾರಿರಿ. ಆದೇಶ ನಿಮ್ಮ ಪರವಾಗಿ ಬಂದು, ಅವರು ಮೇಲ್ಮನವಿಗೆ ಹೋಗಬೇಕೆಂದರೆ ಕೊಡಬೇಕಾದ ಹಣದ ಅರ್ಧವನ್ನು ಮೊದಲು ಕಟ್ಟಬೇಕು. ಮೇಲ್ಮನವಿಯೂ ಇಲ್ಲ, ಹಣವೂ ಇಲ್ಲ ಎಂದಾದರೆ ಕಲಂ 72ರ ಪ್ರಕಾರ ಕನಿಷ್ಠ 1 ತಿಂಗಳಿಂದ 3 ವರ್ಷದ ತನಕ ಜೈಲು, ಅಥವಾ 25,000ದಿಂದ 1 ಲಕ್ಷ ರೂಪಾಯಿ ತನಕ ದಂಡ, ಅಥವಾ ಎರಡೂ ಆಗಬಹುದು. ಅದಕ್ಕೆ ಬೇರೆ ಕೋರ್ಟಿಗೆ ಅಲೆಯಬೇಕಾಗಿಲ್ಲ, ಆದೇಶ ಕೊಟ್ಟ ಅದೇ ಜಿಲ್ಲಾ ಆಯೋಗಕ್ಕೆ ಇನ್ನೊಂದು ಅರ್ಜಿ ಹಾಕಿದರೆ ಆಯ್ತು.